ಹೊಸ ಆರ್‌ಎಸ್ ಬಂತು, ಹಳೇದರ ರೇಟು ಬಿತ್ತಾ?

2025ರ ಅಕ್ಟೋಬರಿನಲ್ಲಿ ಸ್ಕೋಡಾ ಕಂಪನಿ ಆಕ್ಟೇವಿಯಾ ಆರ್‌ಎಸ್ ಕಾರನ್ನು ಮತ್ತೆ ಭಾರತಕ್ಕೆ ತಂದಿತು. ಇಡೀ ದೇಶಕ್ಕೆ ನೂರೇ ನೂರು ಕಾರು. ಬೆಲೆ 49.99 ಲಕ್ಷ, ಅದೂ ಎಕ್ಸ್ ಶೋರೂಮ್. ಬೆಲೆ ಹೇಳೋ ಹೊತ್ತಿಗಾಗಲೇ ನೂರೂ ಬುಕ್ ಆಗಿದ್ದವು. ಆ ವಾರ ಕಾರಿನ ಹುಚ್ಚಿರೋರು ಸೇರೋ ಗ್ರೂಪುಗಳಲ್ಲೆಲ್ಲ ಒಂದೇ ಮಾತು: "2020ರ ಆರ್‌ಎಸ್ 245 ಇಟ್ಕೊಂಡಿರೋರ ಕಥೆ ಏನು? ರೇಟು ಬೀಳೋ ಮೊದಲೇ ಮಾರಿಬಿಡೋದು ವಾಸಿ ಅಲ್ವಾ?"

ಈ ಪ್ರಶ್ನೆಯೇ ನಂಗೆ ತಮಾಷೆ ಅನ್ಸುತ್ತೆ. ಇದು ಮಾರುತಿ ಶಾಲೆಯಲ್ಲಿ ಓದಿದೋರ ಪ್ರಶ್ನೆ. ನಾವೆಲ್ಲ ಅಲ್ಲೇ ಓದಿದೋರು ಬಿಡಿ. ಮನೆಗೆ ಮೊದಲ ಕಾರು ತರೋವಾಗ ಅಪ್ಪ, ಮಾವ, ಪಕ್ಕದ ಮನೆ ಮೇಷ್ಟ್ರು ಎಲ್ಲ ಸೇರಿ ಕೇಳೋದು ಎರಡೇ: ಮೈಲೇಜ್ ಎಷ್ಟು, ರೀಸೇಲ್ ಹೆಂಗೆ. ಆ ಲೆಕ್ಕದಲ್ಲಿ ಹೊಸ ಮಾಡೆಲ್ ಬಂದ ದಿನವೇ ಹಳೇದು ಒಂದು ಮೆಟ್ಟಿಲು ಕೆಳಗಿಳಿಯುತ್ತೆ. ಸ್ವಿಫ್ಟ್ ವಿಷಯದಲ್ಲಿ ಅದು ನಿಜ ಕೂಡ. ಸ್ವಿಫ್ಟ್ ತಗೊಳ್ಳೋನಿಗೆ ಬೇಕಿರೋದು ಕೆಲಸ. ಆಫೀಸಿಗೆ ಹೋಗಬೇಕು, ಹಬ್ಬಕ್ಕೆ ಊರಿಗೆ ಹೋಗಬೇಕು, ಮಳೆಯಲ್ಲಿ ಮಗು ನೆನೆಯಬಾರದು. ಹೊಸ ಸ್ವಿಫ್ಟ್ ಅದೇ ಕೆಲಸವನ್ನ ಇನ್ನಷ್ಟು ಚೆನ್ನಾಗಿ ಮಾಡುತ್ತೆ, ಹಾಗಾಗಿ ಹಳೇದಕ್ಕೆ ಕಡಿಮೆ ಕೊಡ್ತೀವಿ. ಸರಿಯಾದ ವ್ಯಾಪಾರವೇ.

ಆದ್ರೆ ಆರ್‌ಎಸ್ ತಗೊಳ್ಳೋನು ಕೆಲಸಕ್ಕೆ ತಗೊಳ್ಳಲ್ಲ. ಕೆಲಸ ಮಾಡೋಕೆ ಅದರ ಮೂರನೇ ಒಂದು ಪಾಲು ದುಡ್ಡಿನ ಕಾರು ಸಾಕು. ಅವನು ದುಡ್ಡು ಕೊಡೋದು ಬೆಳಗಿನ ಜಾವ ಸಕಲೇಶಪುರದ ಕಡೆ ಹೋಗುವಾಗ ಎರಡನೇ ಗೇರಿನಿಂದ ಮೂರಕ್ಕೆ ಬೀಳೋ ಆ ಕ್ಷಣಕ್ಕೆ. ಹೊಸ ಮಾಡೆಲ್ ಆ ಕ್ಷಣವನ್ನ ಇನ್ನೂ ಚೆನ್ನಾಗಿ ಕೊಡುತ್ತಾ, ಹಾಗೇ ಕೊಡುತ್ತಾ, ಕಿತ್ಕೊಳ್ಳುತ್ತಾ? ಹಳೇದರ ರೇಟು ನಿಂತಿರೋದು ಇದರ ಮೇಲೆ. ಹೊಸದು ಬಂತಾ ಇಲ್ಲವಾ ಅನ್ನೋದರ ಮೇಲಲ್ಲ.

ಆಕ್ಟೇವಿಯಾದ ಲೆಕ್ಕವನ್ನೇ ನೋಡಿ. 2017ರಲ್ಲಿ ಬಂದ ಆರ್‌ಎಸ್ 230ಕ್ಕೆ ಸುಮಾರು 25 ಲಕ್ಷ. 2020ರಲ್ಲಿ ಬಂದ 245ಕ್ಕೆ 36 ಲಕ್ಷ. ದೇಶಕ್ಕೆಲ್ಲ 200 ಕಾರು. 2025ರದ್ದಕ್ಕೆ 50. ಎಂಟು ವರ್ಷದಲ್ಲಿ ಬೆಲೆ ಎರಡು ಪಟ್ಟಾಯ್ತು. ಹಾರ್ಸ್‌ಪವರ್? 230 ಇದ್ದದ್ದು 265. ಕಂಪನಿಯದೇ ಲೆಕ್ಕದಲ್ಲಿ ಸೊನ್ನೆಯಿಂದ ನೂರಕ್ಕೆ 245 ತಗೊಳ್ಳೋದು 6.6 ಸೆಕೆಂಡು, ಹೊಸದು 6.4. ಎಂಜಿನ್ ಎರಡರಲ್ಲೂ ಎರಡು ಲೀಟರ್ ಟರ್ಬೋ ಪೆಟ್ರೋಲ್, ಟಾರ್ಕ್ ಎರಡರಲ್ಲೂ 370, ಗೇರ್‌ಬಾಕ್ಸ್ ಎರಡರಲ್ಲೂ ಏಳು ಗೇರಿನ ಡಿಎಸ್‌ಜಿ, ಎಳೆಯೋದು ಎರಡರಲ್ಲೂ ಮುಂದಿನ ಚಕ್ರ. ಅಂದ್ರೆ 14 ಲಕ್ಷಕ್ಕೆ ಸೆಕೆಂಡಿನ ಹತ್ತನೇ ಎರಡು ಭಾಗ. ಜೊತೆಗೆ ದೊಡ್ಡ ಸ್ಕ್ರೀನು, ಲೇನ್ ಬಿಟ್ಟರೆ ಎಚ್ಚರಿಸೋ ವ್ಯವಸ್ಥೆ. ಕೈಗೆ ಸಿಗ್ತಿದ್ದ ಎಸಿ ಗುಂಡಿಗಳು ಸ್ಕ್ರೀನಿನೊಳಗೆ ಹೋಗಿ ಕೂತಿವೆ. ಕೈ ತುಂಬ ಹಿಡಿಯೋ ಗೇರ್ ಲಿವರ್ ಹೋಗಿ ಲೈಟ್ ಸ್ವಿಚ್ಚಿನಂಥದ್ದು ಬಂದಿದೆ.

ಬೆಂಗಳೂರಲ್ಲಿ ಇದಕ್ಕೆ ಇನ್ನೊಂದು ಪೆಟ್ಟು. 20 ಲಕ್ಷ ಮೀರಿದ ಕಾರಿಗೆ ಇಲ್ಲಿ ಆಜೀವ ತೆರಿಗೆ ಶೇಕಡ 18, ಅದರ ಮೇಲೆ ಸೆಸ್. 50 ಲಕ್ಷದ ಕಾರಿಗೆ ತೆರಿಗೆಯೇ ಹತ್ತಿರ ಹತ್ತಿರ 10 ಲಕ್ಷ. ಇನ್ಶೂರೆನ್ಸ್ ಸೇರಿಸಿದ್ರೆ ರೋಡಿಗಿಳಿಯೋ ಹೊತ್ತಿಗೆ 60 ದಾಟಿರುತ್ತೆ. ಹಳೇ 245ಕ್ಕೆ ಕೆಎ ನಂಬರ್ ಇದ್ರೆ ಆ ತೆರಿಗೆಯನ್ನ ಮೊದಲ ಓನರ್ ಆಗಲೇ ಕಟ್ಟಿ ಆಗಿದೆ. ಈಗ ಹೇಳಿ, ಹೊಸದು ಬಂದದ್ದರಿಂದ ಹಳೇದು ಸಣ್ಣದಾಗಿ ಕಾಣುತ್ತಾ, ಅಗ್ಗವಾಗಿ ಕಾಣುತ್ತಾ? ನೂರು ಜನಕ್ಕೆ ಹೊಸದು ಸಿಕ್ತು. ಸಿಗದವರೂ ಅಷ್ಟು ದುಡ್ಡು ಕೊಡೋಕೆ ಮನಸ್ಸು ಬಾರದವರೂ ಎಲ್ಲಿ ಹುಡುಕ್ತಾರೆ? ಚೆನ್ನಾಗಿಟ್ಟ 245 ಒಂದಕ್ಕೆ ಅರ್ಧ ಬೆಲೆ ಕೇಳಿ ನೋಡಿ, ಆಸಾಮಿ ಫೋನ್ ಇಟ್ಟುಬಿಡ್ತಾನೆ.

ಅರ್ಧ ಅಂತ ಸುಮ್ಮನೆ ಹೇಳಿದ್ದಲ್ಲ. ಇನ್ಶೂರೆನ್ಸ್‌ನೋರ ಹತ್ರ ಐಡಿವಿ ಅನ್ನೋ ಕೋಷ್ಟಕ ಇದೆ. ಆರು ತಿಂಗಳವರೆಗೆ ಶೇಕಡ 5 ಕಳಿ, ವರ್ಷಕ್ಕೆ 15, ಎರಡು ವರ್ಷಕ್ಕೆ 20, ಮೂರಕ್ಕೆ 30, ನಾಲ್ಕಕ್ಕೆ 40, ಐದಕ್ಕೆ 50. ಆಲ್ಟೋಗೂ ಅದೇ, ಆರ್‌ಎಸ್‌ಗೂ ಅದೇ. ಕೋಡ್ ಬರೆಯೋರಿಗೆ ಗೊತ್ತಿರುತ್ತೆ, ಯಾರೋ ಎಂದೋ ಒಂದು ಕಾನ್‌ಸ್ಟಂಟ್ ಬರೆದಿಟ್ಟು ಹೋಗಿರ್ತಾರೆ, ಆಮೇಲೆ ಬಂದೋರೆಲ್ಲ ಅದನ್ನೇ ಪ್ರಕೃತಿ ನಿಯಮ ಅಂದ್ಕೊಂಡು ನಡೀತಾರೆ. ಇದೂ ಹಂಗೇ. ಈ ಕೋಷ್ಟಕ ಹೇಳೋದು ಅಪಘಾತವಾದ್ರೆ ಕಂಪನಿ ಹೆಚ್ಚೆಂದರೆ ಎಷ್ಟು ಕೊಡುತ್ತೆ ಅನ್ನೋದನ್ನ. ಮಾರುಕಟ್ಟೆಯಲ್ಲಿ ಯಾರು ಎಷ್ಟು ಕೊಡ್ತಾರೆ ಅನ್ನೋದನ್ನಲ್ಲ. ಹಿಂಗಿದ್ರೂ ನಮ್ಮ ಅರ್ಧ ಜನಕ್ಕೆ "ಕಾರಿನ ಬೆಲೆ" ಅಂದ್ರೆ ಈ ಕೋಷ್ಟಕವೇ.

ನಮ್ಮೂರು ತಿಪಟೂರು ಕಡೆ. ನಾನು ಚಿಕ್ಕವನಿದ್ದಾಗ ಸಿದ್ಧಗಂಗೆ ಜಾತ್ರೆಯ ದನದ ಪರಿಷೆಗೆ ಅಪ್ಪನ ಜೊತೆ ಹೋಗ್ತಿದ್ದೆ. ಎತ್ತಿನ ವ್ಯಾಪಾರದಲ್ಲೂ ವಯಸ್ಸಿನ ಕೋಷ್ಟಕ ಇದೆ, ಅದು ಬಾಯೊಳಗಿದೆ. ಎರಡು ಹಲ್ಲಾ, ನಾಲ್ಕು ಹಲ್ಲಾ, ಬಾಯಿಗೂಡಿದೆಯಾ ಅಂತ ದವಡೆ ಬಿಡಿಸಿ ನೋಡ್ತಾರೆ. ಆಮೇಲೆ ಸುಳಿ ನೋಡ್ತಾರೆ, ಕೊಂಬು ನೋಡ್ತಾರೆ, ನಾಲ್ಕು ಹೆಜ್ಜೆ ನಡೆಸ್ತಾರೆ. ಟ್ರ್ಯಾಕ್ಟರು, ಟಿಲ್ಲರು ಊರೂರಿಗೆ ಬಂದಾಗ ಎಲ್ಲ ಅಂದದ್ದು ಒಂದೇ, ಇನ್ನು ಎತ್ತಿನ ಕಾಲ ಮುಗೀತು. ಉಳೋ ಎತ್ತಿನ ಕಾಲ ಮುಗಿದದ್ದು ನಿಜವೇ. ಆದ್ರೆ ಹಳ್ಳಿಕಾರ್ ಜೋಡಿಗಳಿಗೆ ಇವತ್ತೂ ಜಾತ್ರೆಯಲ್ಲಿ ಲಕ್ಷ ಲಕ್ಷ ಹೇಳ್ತಾರೆ, ಪೆಂಡಾಲ್ ಹಾಕಿ, ಹಾರ ಹಾಕಿ ನಿಲ್ಲಿಸಿರ್ತಾರೆ. ಟ್ರ್ಯಾಕ್ಟರು ಕಿತ್ಕೊಂಡದ್ದು ಎತ್ತಿನ ಕೆಲಸವನ್ನ. ಹಳ್ಳಿಕಾರ್ ಜೋಡಿ ಕಟ್ಟೋನು ದುಡ್ಡು ಕೊಡ್ತಿದ್ದದ್ದು ಬರೀ ಕೆಲಸಕ್ಕಲ್ಲ.

ಪರಿಷೆಯದು ಇನ್ನೊಂದು ವಿಷಯ ಇಲ್ಲಿಗೆ ಸಲ್ಲುತ್ತೆ. ದಲ್ಲಾಳಿಗಳು ಟವೆಲ್ ಕೆಳಗೆ ಕೈ ಕೈ ಹಿಡ್ಕೊಂಡು ಬೆರಳಲ್ಲೇ ರೇಟು ಮಾತಾಡ್ತಾರೆ. ಸುತ್ತ ನಿಂತ ಐವತ್ತು ಜನಕ್ಕೆ ಎತ್ತು ಕಾಣುತ್ತೆ, ರೇಟು ಕಾಣಲ್ಲ. ನಮ್ಮ ಸೆಕೆಂಡ್ ಹ್ಯಾಂಡ್ ಪರ್ಫಾರ್ಮೆನ್ಸ್ ಕಾರಿನ ವ್ಯಾಪಾರ ಇಂದಿಗೂ ಟವೆಲ್ ಕೆಳಗೇ ನಡೀತಿದೆ. ಆನ್‌ಲೈನಲ್ಲಿ ಕಾಣೋದು ಕೇಳೋ ರೇಟು. ಕೊಟ್ಟ ರೇಟು ಮಾರಿದವನಿಗೆ, ಕೊಂಡವನಿಗೆ, ನಡುವಿನ ದಲ್ಲಾಳಿಗೆ ಬಿಟ್ಟು ನಾಲ್ಕನೆಯವನಿಗೆ ಗೊತ್ತಿಲ್ಲ. "245ಗೆ ಇಷ್ಟು ನಡೀತಿದೆ ಗುರು" ಅಂತ ಯಾರಾದ್ರೂ ಅಂದ್ರೆ, ಆರು ತಿಂಗಳಿಂದ ಮಾರಾಟವಾಗದೆ ಕೂತಿರೋ ಒಂದು ಜಾಹೀರಾತನ್ನ ಅವರು ನೋಡಿದಾರೆ ಅಂತ ಅರ್ಥ ಮಾಡ್ಕೊಳ್ಳಿ.

ಕೊಟ್ಟ ರೇಟು ಬಯಲಿಗೆ ಬೀಳೋದು ಹೊರದೇಶದ ಹರಾಜುಗಳಲ್ಲಿ. ಅಲ್ಲಿಯ ಒಂದು ಪ್ರಕರಣ ಈ ಹುಚ್ಚಿನ ಎರಡೂ ಮುಖ ತೋರಿಸುತ್ತೆ. 2013ರಲ್ಲಿ ಪೋರ್ಶೆ ಹೊಸ 911 ಜಿಟಿ3 ತಂತು. ಹಿಂದಿನದಕ್ಕಿಂತ ಎಲ್ಲದರಲ್ಲೂ ವೇಗ. ಆದ್ರೆ ಕ್ಲಚ್ ಪೆಡಲ್ ತೆಗೆದುಬಿಟ್ಟಿದ್ರು, ಆಟೋಮ್ಯಾಟಿಕ್ ಮಾತ್ರ. ಸಾಲದ್ದಕ್ಕೆ 2014ರ ಶುರುವಿನಲ್ಲಿ ಒಂದೆರಡು ಕಾರಿಗೆ ಬೆಂಕಿ ಹತ್ತಿ, 785 ಕಾರುಗಳ ಎಂಜಿನ್ನನ್ನೇ ಬದಲಿಸಬೇಕಾಯ್ತು. ಮಾರುತಿ ಶಾಲೆಯ ಪ್ರಕಾರ ಹಿಂದಿನ ತಲೆಮಾರಿನ ಜಿಟಿ3 ಬೆಲೆ ಬೀಳಬೇಕಿತ್ತು. ಬೀಳಲಿಲ್ಲ, ಏರಿತು. ಕೈಯಲ್ಲಿ ಗೇರ್ ಹಾಕೋ ಜಿಟಿ3 ಬೇಕು ಅಂದ್ರೆ ಹಳೇದೇ ಗತಿ ಅನ್ನೋ ಹಂಗಾಯ್ತು.

ಇದನ್ನ ನೋಡಿ ಪೋರ್ಶೆಯೋರು 2016ರಲ್ಲಿ 911 ಆರ್ ಅಂತ ಒಂದು ಮಾಡಿದ್ರು. ನಾಲ್ಕು ಲೀಟರ್ ಎಂಜಿನ್, 500 ಹಾರ್ಸ್‌ಪವರ್, ಆರು ಗೇರಿನ ಮ್ಯಾನುವಲ್. ಪ್ರಪಂಚಕ್ಕೆಲ್ಲ 991 ಕಾರು. ಅಮೆರಿಕದಲ್ಲಿ ಪಟ್ಟಿ ಬೆಲೆ 1,84,900 ಡಾಲರ್. ಕೊಂಡೋರು ಮಾರನೇ ದಿನವೇ ಅದರ ಹಲವು ಪಟ್ಟು ಕೇಳೋಕೆ ಶುರು ಮಾಡಿದ್ರು, ಕೊಡೋರೂ ಇದ್ರು. ಒಂದು ವರ್ಷ ಅಷ್ಟೇ. 2017ರಲ್ಲಿ ಪರಿಷ್ಕರಿಸಿದ ಜಿಟಿ3 ಬಂತು. ಅದೇ ನಾಲ್ಕು ಲೀಟರ್, ಅದೇ 500 ಹಾರ್ಸ್‌ಪವರ್, ಬೇಕು ಅಂದೋರಿಗೆ ಮ್ಯಾನುವಲ್. ಅದೇ ವರ್ಷ ಹಿಂದಿನ ದೊಡ್ಡ ರೆಕ್ಕೆ ತೆಗೆದ ಟೂರಿಂಗ್ ಕೂಡ ಬಂತು. 911 ಆರ್‌ನ ಉಬ್ಬಿದ ರೇಟು ಇಳೀತು. ಅದು ಪಟ್ಟಿ ಬೆಲೆಗಿಂತ ಕೆಳಗೆ ಹೋಗಲಿಲ್ಲ, ನಿಜ, ಆದ್ರೆ ತುದಿಯಲ್ಲಿ ಕೊಂಡೋರ ಹೊಟ್ಟೆ ತಣ್ಣಗಾಯ್ತು.

ಎರಡೂ ಕಡೆ ಕಂಪನಿ ಒಂದೇ, ಮಾಡೆಲ್ಲಿನ ಹೆಸರೂ ಹೆಚ್ಚು ಕಡಿಮೆ ಒಂದೇ. ಒಮ್ಮೆ ಹೊಸದು ಬಂದು ಹಳೇದನ್ನ ಮೇಲೆತ್ತಿತು, ಇನ್ನೊಮ್ಮೆ ಕೆಳಗಿಳಿಸಿತು. ಮೊದಲ ಸಲ ಹೊಸದು ಒಂದನ್ನ ಕಿತ್ಕೊಂಡಿತ್ತು, ಎರಡನೇ ಸಲ ಅದನ್ನೇ ವಾಪಸ್ ಕೊಟ್ಟಿತು.

ಎಲೆಕ್ಟ್ರಿಕ್ ವೇಗದ ಕಾರುಗಳ ಕಥೆ ಬೇರೆ, ಅಲ್ಲಿ ಮಾರುತಿ ಶಾಲೆ ಗೆಲ್ಲುತ್ತೆ. 2023ರ ಜನವರಿಯಲ್ಲಿ ಟೆಸ್ಲಾ ಅಮೆರಿಕದಲ್ಲಿ ಮಾಡೆಲ್ ಎಸ್ ಪ್ಲೇಡ್ ಬೆಲೆಯನ್ನ ಒಂದೇ ರಾತ್ರಿ 21,000 ಡಾಲರ್ ಇಳಿಸಿತು. ಹಿಂದಿನ ದಿನ ಕೊಂಡವನ ಕಾರು ಗ್ಯಾರೇಜಲ್ಲಿ ನಿಂತಲ್ಲೇ ಅಷ್ಟು ಕರಗಿತು. 2024ರಲ್ಲಿ ಪೋರ್ಶೆ ಟೈಕಾನ್ ಹೊಸದಾದಾಗ ದೊಡ್ಡ ಬ್ಯಾಟರಿ 93ರಿಂದ 105 ಕಿಲೋವ್ಯಾಟ್ ಅವರ್‌ಗೆ ಏರಿತು, ಚಾರ್ಜಿಂಗ್ 270ರಿಂದ 320 ಕಿಲೋವ್ಯಾಟ್‌ಗೆ. ಹಳೇ ಟೈಕಾನ್ ಓಡಿಸೋಕೆ ಇವತ್ತಿಗೂ ಅದ್ಭುತ, ಯೂರೋಪಿನಲ್ಲಿ ಅದರ ಸೆಕೆಂಡ್ ಹ್ಯಾಂಡ್ ಬೆಲೆ ನೋಡಿದ್ರೆ ಅಯ್ಯೋ ಅನ್ಸುತ್ತೆ. ಕಾರಿನ ಮುಖ್ಯ ಗುಣ ಒಂದು ಅಂಕಿಯಾಗಿಬಿಟ್ಟರೆ, ಮುಂದಿನ ವರ್ಷದ ಕಾರಿನ ಅಂಕಿ ಅದನ್ನ ತಿನ್ನುತ್ತೆ. ಫೋನಿನ ಥರ. ಐದು ವರ್ಷದ ಹಿಂದಿನ ಫೋನನ್ನ ಯಾರೂ ಪ್ರೀತಿಯಿಂದ ಹುಡುಕಿ ಕೊಳ್ಳಲ್ಲ.

"ಲಿಮಿಟೆಡ್" ಅನ್ನೋ ಪದದ ಬಗ್ಗೆ ಎರಡು ಮಾತು. ಫೋಕ್ಸ್‌ವ್ಯಾಗನ್ 2016ರ ನವೆಂಬರಿನಲ್ಲಿ ಪೋಲೋದ ಜಿಟಿಐ ತಂದಾಗ 99 ಕಾರು ಮಾತ್ರ ಅಂತ ಹೇಳಿತ್ತು. ಮೂರು ಬಾಗಿಲು, 192 ಹಾರ್ಸ್‌ಪವರ್, ಬೆಲೆ 25 ಲಕ್ಷದ ಮೇಲೆ. ಕೊಳ್ಳೋರು ಮುಗಿಬೀಳಲಿಲ್ಲ. ಮುಂದಿನ ವರ್ಷ ಕಂಪನಿಯೇ ಬೆಲೆಯನ್ನ 20 ಲಕ್ಷದೊಳಕ್ಕೆ ಇಳಿಸಿತು. ಮೊದಲೇ ಕೊಂಡೋರ ಕಾರಿನ ರೇಟನ್ನ ಯಾವ ಹೊಸ ಮಾಡೆಲ್ಲೂ ಬೀಳಿಸಲಿಲ್ಲ, ಅದೇ ಮಾಡೆಲ್ ಬೀಳಿಸಿತು. ಎಷ್ಟು ಮಾಡಿದ್ರು ಅನ್ನೋದು ಒಂದು ಸಂಖ್ಯೆ, ಎಷ್ಟು ಜನಕ್ಕೆ ಬೇಕು ಅನ್ನೋದು ಇನ್ನೊಂದು. ಜಾಹೀರಾತಲ್ಲಿ ಮೊದಲನೇದು ಮಾತ್ರ ಇರುತ್ತೆ. ಈಗ ವರ್ಷಕ್ಕೆ 2,500 ವಾಹನಗಳವರೆಗೆ ಇಲ್ಲಿನ ಪರೀಕ್ಷೆಗಳನ್ನ ಮತ್ತೆ ಮಾಡಿಸದೆ ಹೊರಗಿಂದ ತರೋಕೆ ಕಂಪನಿಗಳಿಗೆ ಅನುಮತಿ ಇದೆ. ಹಾಗಾಗಿ ಇಂಥ ನೂರು, ನೂರೈವತ್ತು ಕಾರಿನ ಕಂತುಗಳು ಬರ್ತಾನೇ ಇರ್ತವೆ. ಮೊದಲ ಕಂತು ಖಾಲಿಯಾದ್ರೆ ಎರಡನೇದು ತರೋದಕ್ಕೆ ಯಾವ ಕಾನೂನೂ ಅಡ್ಡ ಬರಲ್ಲ.

ಇಷ್ಟೆಲ್ಲ ಕೇಳಿ "ಸರಿ, ಹಂಗಾದ್ರೆ ಹಳೇ ಆರ್‌ಎಸ್ ತಗೊಂಡ್ರೆ ದುಡ್ಡು ಭದ್ರ" ಅಂತ ಯಾರಾದ್ರೂ ಹೊರಟ್ರೆ ನಂಗೆ ಹೆದರಿಕೆ. ಈಚೆಗೆ ನಮ್ಮ ಆಫೀಸಿನ ಕ್ಯಾಂಟೀನ್‌ಗಳಲ್ಲಿ ಈ ಮಾತು ಜಾಸ್ತಿ ಆಗಿದೆ. "ಇದು ಖರ್ಚಲ್ಲ ಮಚ್ಚಾ, ಇನ್ವೆಸ್ಟ್‌ಮೆಂಟು." ಇಪ್ಪತ್ತೆಂಟು ವರ್ಷದ ಹುಡುಗ, ಕೈಗೆ ಬರೋ ಸಂಬಳದಲ್ಲಿ ಮೂರನೇ ಒಂದು ಭಾಗ ಇಎಂಐ, ಐದು ವರ್ಷ. ಹಳೇ ಕಾರಿನ ಸಾಲಕ್ಕೆ ಬಡ್ಡಿ ಹೊಸ ಕಾರಿಗಿಂತ ಜಾಸ್ತಿ. ಬ್ಯಾಂಕು ಸಾಲ ಕೊಡೋದು ತನ್ನ ವ್ಯಾಲ್ಯುಯೇಟರ್ ಹೇಳಿದ ಬೆಲೆಗೆ, ಓನರ್ ಕೇಳಿದ ಬೆಲೆಗಲ್ಲ. ನಡುವಿನ ಅಂತರಕ್ಕೆ ಪರ್ಸನಲ್ ಲೋನ್. ಕಾರಿನ ರೇಟು ಒಂದು ಪೈಸೆ ಬೀಳದೇ ಇದ್ರೂ ಇವನು ವರ್ಷಕ್ಕೆ ಕಟ್ಟೋ ಬಡ್ಡಿಯಲ್ಲಿ ಊರಲ್ಲಿ ಬೋರ್ ಕೊರೆಸಬಹುದು.

ರೇಟು ನಿಂತಿದೆ ಅಂದ್ರೆ ಮಾರಾಟ ಆಗುತ್ತೆ ಅಂತಲ್ಲ. ಸ್ವಿಫ್ಟ್‌ಗೆ ಭಾನುವಾರ ಜಾಹೀರಾತು ಹಾಕಿದ್ರೆ ಮುಂದಿನ ಭಾನುವಾರಕ್ಕೆ ಕೀ ಕೊಟ್ಟು ಬರಬಹುದು. ಆರ್‌ಎಸ್‌ಗೆ ಒಬ್ಬ ಹುಚ್ಚ ಬೇಕು, ಆ ಹುಚ್ಚನ ಕೈಯಲ್ಲಿ ಆ ತಿಂಗಳು ದುಡ್ಡು ಇರಬೇಕು, ಅವನ ಹೆಂಡತಿ ಒಪ್ಪಬೇಕು. ನನ್ನ ಗೆಳೆಯನೊಬ್ಬನಿಗೆ ಲೇಆಫ್ ಆಯ್ತು. ಇಂಥದ್ದೇ ಒಂದು ಜರ್ಮನ್ ಹ್ಯಾಚ್‌ಬ್ಯಾಕ್ ಇತ್ತು. ಗ್ರೂಪಲ್ಲಿ ಎಲ್ಲ "ಬ್ರೋ, ಬಂಗಾರ ಇಟ್ಕೊಂಡಿದೀಯ" ಅಂತಿದ್ರು. ಮೂರು ವಾರ ಕಾದ. ಫೋನ್ ಮಾಡಿದ ಹನ್ನೊಂದು ಜನರಲ್ಲಿ ಎಂಟು ಜನ ಬರೀ ಓಡಿಸಿ ನೋಡೋಕೆ ಬಂದೋರು. ಕೊನೆಗೆ ಡೀಲರ್ ಹತ್ರ ಹೋದ. ಅವರು ಕಂಪ್ಯೂಟರ್ ಚುಚ್ಚಿ ನೋಡಿ, ಈ ಕಾರಿಗೆ ಒಮ್ಮೆ ಸ್ಟೇಜ್ 1 ಟ್ಯೂನ್ ಹಾಕಿದ್ದಾರೆ, ತೆಗೆದರೂ ಸರ್ವಿಸ್ ದಾಖಲೆಯಲ್ಲಿ ಗುರುತು ಉಳಿದಿದೆ ಅಂತ ಇನ್ನಷ್ಟು ಕಳೆದ್ರು. ಟ್ಯೂನ್ ಹಾಕಿಸಿದ್ದು ಇವನಲ್ಲ, ಇವನಿಗಿಂತ ಹಿಂದಿನ ಓನರ್. ಕಂಪನಿ ಕೊಟ್ಟ ಆಪ್ಷನ್‌ಗಳ ಥರ ಇದು, ಕಾಗದದ ಮೇಲೆ ಭಾರೀ ಮೊತ್ತ, ಬೇಕಾದ ದಿನ ಕೈಗೆ ಬರಲ್ಲ. ಕಾಯೋಕೆ ಆಗೋನಿಗೆ ಮಾತ್ರ ಆ ರೇಟು ನಿಜ.

ಕಾಯೋದಕ್ಕೂ ಖರ್ಚಿದೆ. ಕೇವಲ 200 ಕಾರು ಮಾರಿದ ಮಾಡೆಲ್ಲಿಗೆ ಮುಂದಿನ ಬಂಪರ್ ಒಡೆದರೆ ಅದು ಯಾವ ಡೀಲರ್‌ನ ಶೆಲ್ಫಲ್ಲೂ ಇರಲ್ಲ, ಹೊರಗಿಂದ ಬರಬೇಕು. ಪೆಟ್ರೋಲ್ ಬಂಕುಗಳಲ್ಲಿ ಈಗ ಎಲ್ಲೆಡೆ ಇ20. 2017ರ ಎಂಜಿನ್ ಅದಕ್ಕೆಂದು ಮಾಡಿದ್ದಲ್ಲ. ಹೆಚ್ಚು ಆಕ್ಟೇನಿನ ದುಬಾರಿ ಪೆಟ್ರೋಲ್ ಹುಡುಕಿಕೊಂಡು ಹೋಗೋರು ಸುಮ್ಮನೆ ಶೋಕಿಗೆ ಹೋಗ್ತಿಲ್ಲ.

ಇನ್ಶೂರೆನ್ಸ್ ವಿಷಯವನ್ನ ಬಹಳ ಜನ ಓದೋದೇ ಇಲ್ಲ. ಐದು ವರ್ಷ ದಾಟಿದ ಕಾರಿಗೆ, ಮತ್ತೆ ಕಂಪನಿ ತಯಾರಿಸೋದು ನಿಲ್ಲಿಸಿದ ಮಾಡೆಲ್ಲಿಗೆ, ಆ ಶೇಕಡಾವಾರು ಕೋಷ್ಟಕ ಅನ್ವಯಿಸಲ್ಲ. ಐಡಿವಿ ಎಷ್ಟು ಅನ್ನೋದನ್ನ ನೀವೂ ಇನ್ಶೂರೆನ್ಸ್ ಕಂಪನಿಯೂ ಮಾತಾಡಿ ಒಪ್ಪಿಕೊಳ್ಳಬೇಕು. ಆದ್ರೆ ಆ್ಯಪಲ್ಲಿ ರಿನ್ಯೂ ಒತ್ತಿದ್ರೆ ಅದು ತಾನಾಗಿ ಒಂದು ಕಡಿಮೆ ಮೊತ್ತ ತೋರಿಸುತ್ತೆ, ಪ್ರೀಮಿಯಂ ಕಡಿಮೆ ಕಾಣಲಿ ಅಂತ. ನಾವು ಖುಷಿಯಾಗಿ ಒತ್ತುತೀವಿ. ಲೆಕ್ಕಕ್ಕೆ ಹೇಳ್ತೀನಿ, 28 ಲಕ್ಷ ಕೊಟ್ಟು ತಂದ ಕಾರಿಗೆ ಐಡಿವಿ 16 ಅಂತಿದ್ದು, ಒಂದು ರಾತ್ರಿ ನೆಲಮಂಗಲದ ಫ್ಲೈಓವರ್ ಹತ್ರ ಲಾರಿ ಬಂದು ಗುದ್ದಿದ್ರೆ, 12 ಲಕ್ಷ ಗಾಳಿಗೆ. ಇಎಂಐ ಮಾತ್ರ ಹಾಗೇ ಇರುತ್ತೆ. ಫೋನ್ ಮಾಡಿ, ಕಾಗದ ತೋರಿಸಿ, ಜಗಳವಾಡಿ ಐಡಿವಿ ಏರಿಸಿಕೊಳ್ಳೋದು ಅರ್ಧ ದಿನದ ಕೆಲಸ.

ಹಾಗಂತ ಕೊಳ್ಳಬೇಡಿ ಅಂತಲೂ ನಾನು ಹೇಳ್ತಿಲ್ಲ. ಇದು ಖರ್ಚು, ಖುಷಿಯ ಖರ್ಚು ಅಂತ ಒಪ್ಪಿಕೊಂಡು ಕೊಂಡೋರ ಮುಖದಲ್ಲಿ ಒಂದು ನೆಮ್ಮದಿ ಇರುತ್ತೆ. ಅವರು ಹೊಸ ಮಾಡೆಲ್ ಬಂದ ದಿನ ರೇಟು ನೋಡಲ್ಲ. ಸಂಕಟ ಇರೋದು ನಡುವೆ ಸಿಕ್ಕೋರಿಗೆ: ಓಡಿಸಿದ್ರೆ ಕಿಲೋಮೀಟರ್ ಏರುತ್ತೆ, ಏರಿದ್ರೆ ರೇಟು ಇಳಿಯುತ್ತೆ ಅಂತ ಕವರ್ ಹಾಕಿ ಬೇಸ್‌ಮೆಂಟಲ್ಲಿ ನಿಲ್ಲಿಸಿ, ಇಎಂಐ ಕಟ್ಟೋರು. ಹಳ್ಳಿಕಾರ್ ಸಾಕೋನು ಕೂಡ ದಿನಾ ಬೆಳಿಗ್ಗೆ ಜೋಡಿಯನ್ನ ನಡೆಸಿಕೊಂಡು ಬರ್ತಾನೆ. ಕಟ್ಟಿಹಾಕಿದ್ರೆ ಕಾಲು ಹಿಡಿಯುತ್ತೆ.

"ಎಂಟು ವರ್ಷ, ಬರೀ 9,000 ಕಿಲೋಮೀಟರ್" ಅನ್ನೋ ಜಾಹೀರಾತು ಕಂಡಾಗ ಜೊಲ್ಲು ಸುರಿಸೋ ಮೊದಲು ಬಗ್ಗಿ ಟೈರ್ ನೋಡಿ. ಪಕ್ಕದ ಗೋಡೆಯಲ್ಲಿ ನಾಲ್ಕು ಅಂಕಿ ಒತ್ತಿರ್ತಾರೆ. 2317 ಅಂತಿದ್ರೆ 2017ರ ಇಪ್ಪತ್ಮೂರನೇ ವಾರ ಮಾಡಿದ್ದು ಅಂತ. ಥ್ರೆಡ್ ಹೊಸದರ ಹಾಗೇ ಇರುತ್ತೆ, ರಬ್ಬರ್ ಮಾತ್ರ ಕಲ್ಲಾಗಿರುತ್ತೆ. ಬ್ರೇಕ್ ಆಯಿಲ್ ಎರಡು ವರ್ಷಕ್ಕೊಮ್ಮೆ ಬದಲಿಸಿದ್ದಾರಾ ಅಂತ ಬಿಲ್ ಕೇಳಿ. ಬಿಲ್ ಇಲ್ಲ ಅಂದ್ರೆ ನಾಲ್ಕು ಟೈರು, ಬ್ರೇಕು, ಬ್ಯಾಟರಿ, ಗಟ್ಟಿಯಾದ ರಬ್ಬರ್ ಬುಷ್ಷುಗಳು ಎಲ್ಲದರ ಖರ್ಚು ಮೊದಲೇ ಕಳೆದು ಮಾತಾಡಿ. ಪಕ್ಕದಲ್ಲೇ 60,000 ಓಡಿದ, ಗೇರ್‌ಬಾಕ್ಸ್ ಆಯಿಲ್ ಬದಲಿಸಿದ ಬಿಲ್ ಇರೋ, ಹೊಸ ಟೈರ್ ಹಾಕಿದ ಇನ್ನೊಂದು ಆರ್‌ಎಸ್ ನಿಂತಿದ್ರೆ ನಾನಂತೂ ಅದರ ಬಾಗಿಲನ್ನೇ ತೆಗೀತೀನಿ.